ಗೊಂಡೋ ಹಣ ಕೊಟ್ಟಿದ್ದಾನೆ: ಒಂದು ಸ್ಪಷ್ಟನೆ

ಹೋದ ಭಾನುವಾರ ಮಡಿಕೇರಿಯಲ್ಲಿ ಗೆಳೆಯರೆಲ್ಲ ಕೂತು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾನ ‘ಹೈ ಅಂಡ್ ಲೋ’ ಸಿನಿಮಾ ನೋಡಿದ ಮೇಲೆ ನಾನು ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಗೀಚಿದ್ದೆ. ಅದಕ್ಕೊಂದು ಬಾಲ ಸೇರಿ ಈಗ ವಿರಾಜಪೇಟೆ, ಸೋಮವಾರಪೇಟೆಯ ಗ್ರೂಪುಗಳಲ್ಲೂ ಓಡಾಡುತ್ತಿದೆ: “ಜಪಾನಿನಲ್ಲಿ ನಡೆದ ಘಟನೆ. ಡ್ರೈವರ್ ಮಗನನ್ನು ಬಿಡಿಸಲು ಸಾಹುಕಾರ ಒಂದು ಕಾಸೂ ಬಿಚ್ಚಲಿಲ್ಲ.”

ಎರಡೂ ತಪ್ಪು. ಮೊದಲನೆಯದು ನನ್ನದೇ.

1963ರ ಆ ಸಿನಿಮಾಕ್ಕೆ ಆಧಾರ ಎಡ್ ಮೆಕ್‌ಬೇನ್ ಎಂಬ ಅಮೆರಿಕನ್ ಲೇಖಕನ 1959ರ ಕಾದಂಬರಿ. ಸಿನಿಮಾ ತೆರೆಕಂಡ ತಿಂಗಳ ಕೊನೆಗೆ ಟೋಕಿಯೋದಲ್ಲಿ ನಿಜವಾಗಿ ಒಂದು ಮಗುವಿನ ಅಪಹರಣವಾಯಿತು. 1964ರಲ್ಲಿ ಜಪಾನ್ ಇಂಥ ಅಪರಾಧಕ್ಕೆ ಶಿಕ್ಷೆ ಬಿಗಿಗೊಳಿಸಿತು. ನಾನು ಹಿಂದುಮುಂದು ಮಾಡಿದ್ದು ಅಲ್ಲೇ.

ಇನ್ನು ಹಣ. ಸಿನಿಮಾದ ಸಾಹುಕಾರ, ಶೂ ಕಂಪನಿಯ ಗೊಂಡೋ, ಅಪಹರಣವಾದ ತನ್ನ ಡ್ರೈವರ್ ಮಗನಿಗಾಗಿ ಹಣ ಕೊಡಲು ಮೊದಲು ಒಲ್ಲೆ ಎನ್ನುತ್ತಾನೆ, ನಿಜ. ಆಮೇಲೆ ಮೂರು ಕೋಟಿ ಯೆನ್ ಕೊಡುತ್ತಾನೆ. ಓಡುವ ರೈಲಿನ ವಾಶ್‌ರೂಮಿನ ಕಿಟಕಿ ತೆರೆಯುವುದೇ ಏಳು ಸೆಂಟಿಮೀಟರ್. ಆ ಸಂದಿಯಿಂದಲೇ ಹಣದ ಚೀಲ ತಳ್ಳುತ್ತಾನೆ. ಕಂಪನಿ ಹೋಗುತ್ತದೆ, ಮನೆಯೂ ಹೋಗುತ್ತದೆ.

ಗುಡ್ಡದ ಮೇಲೆ ಅವನ ಮನೆ, ಕೆಳಗೆ ಸೆಕೆಯಲ್ಲಿ ಬೇಯುವ ಇಕ್ಕಟ್ಟು ಕೋಣೆಯಲ್ಲಿ ಅಪಹರಣಕಾರ. ತೋಟದ ಕಾರ್ಮಿಕರ ಲೈನ್‌ಮನೆಯ ಬಾಗಿಲಲ್ಲಿ ನಿಂತರೆ ಎಸ್ಟೇಟ್ ಬಂಗಲೆ ಕಾಣುವ ನಮ್ಮೂರಲ್ಲಿ ಸಂದೇಶ ಯಾಕೆ ಹಬ್ಬಿತು ಅಂತ ಬೇರೆ ಹೇಳಬೇಕಿಲ್ಲ. ಆದರೆ ಸಾಹುಕಾರ ಕಲ್ಲೆದೆಯವನು ಎಂದುಬಿಟ್ಟರೆ ಬೇರೆಯವರ ಮಗುವಿಗಾಗಿ ತನ್ನದೆಲ್ಲವನ್ನೂ ಕಳೆದುಕೊಳ್ಳಬೇಕೇ ಎಂದು ಕುರೊಸಾವಾ ಕೇಳಿದ ಪ್ರಶ್ನೆಯೇ ಮಾಯ.

ಹಳೆಯದನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.