ಹಸು ಮಾರಿದ ಮೇಲೆ

ಎರಡು ವರ್ಷದ ಹಿಂದೆ ಅಮ್ಮನ ಹಸುವನ್ನು ಮಾರಿಸಿದವನು ನಾನೇ. ಅಪ್ಪ ತೀರಿಹೋದ ಮೇಲೆ ಚಿಂತಾಮಣಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವಳು ಒಬ್ಬಳೇ ಇದ್ದಾಳೆ. ಮಂಡಿನೋವು ಬೇರೆ. ಈ ವಯಸ್ಸಿನಲ್ಲಿ ಹುಲ್ಲು ಕೊಯ್ಯುವುದು, ಸಗಣಿ ಬಾಚುವುದು ಯಾಕೆ ಎಂದು ಬೆಂಗಳೂರಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಹಿಂಡಿ, ಬೂಸಾ, ಡಾಕ್ಟರ ಖರ್ಚು ಕಳೆದರೆ ಕೈಗೆ ಉಳಿಯುವುದು ಅಷ್ಟರಲ್ಲೇ ಇತ್ತು. ಅಮ್ಮ ವಾದ ಮಾಡಲಿಲ್ಲ. "ನಿನ್ನಿಷ್ಟ" ಎಂದಳು. ತಾಯಂದಿರು "ನಿನ್ನಿಷ್ಟ" ಎಂದರೆ ಏನರ್ಥ ಎಂಬುದು ಗೊತ್ತಿದ್ದೂ ನಾನು ನಿಲ್ಲಿಸಲಿಲ್ಲ.

ಹಗ್ಗದ ಜೊತೆಗೆ ಇನ್ನೇನು ಹೋಯಿತು ಎಂಬುದು ತಿಳಿಯಲು ತಿಂಗಳುಗಳೇ ಹಿಡಿದವು. ದಿನಕ್ಕೆರಡು ಸಲ, ಬೆಳಗ್ಗೆ ಮತ್ತು ಸಂಜೆ, ಅಮ್ಮ ಕ್ಯಾನು ಹಿಡಿದು ಡೈರಿಯ ಸಾಲಿನಲ್ಲಿ ನಿಲ್ಲುತ್ತಿದ್ದಳು. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಊರಿನ ಸಮಾಚಾರವೆಲ್ಲ ಅಲ್ಲಿಯೇ ಬಟವಾಡೆಯಾಗುತ್ತಿತ್ತು. ಒಮ್ಮೆ ಫ್ಯಾಟ್ ಕಡಿಮೆ ಬಂದಾಗ, ನೀರು ಬೆರೆಸಿದ್ದೀಯಾ ಎಂದು ಯಾರೋ ರೇಗಿಸಿದರಂತೆ. "ಸಾವಿರದಿನ್ನೂರು ಅಡಿ ಕೊರೆಸಿದರೂ ಕುಡಿಯಲು ನೀರಿಲ್ಲ, ಹಾಲಿಗೆ ಬೆರೆಸಲು ಎಲ್ಲಿಂದ ತರಲಿ?" ಎಂದಳಂತೆ ಅಮ್ಮ. ಒಂದು ಹೊತ್ತು ಸಾಲಿನಲ್ಲಿ ಕಾಣಿಸದಿದ್ದರೆ ಯಾರಾದರೂ ಮನೆಯ ಬಾಗಿಲು ತಟ್ಟುತ್ತಿದ್ದರು. ನನ್ನ ಲೆಕ್ಕದಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ನಾನು ದಿನವೂ ರಾತ್ರಿ ಒಂಬತ್ತಕ್ಕೆ ವಿಡಿಯೊ ಕರೆ ಮಾಡುತ್ತೇನೆ. "ಊಟ ಆಯಿತಾ?" "ಆಯಿತು, ನಿನ್ನದು?" ಅಲ್ಲಿಗೆ ಮುಗಿಯಿತು. ಹಸು ಇದ್ದಾಗ ಫೋನ್ ಇಡಲು ನಾನು ನೆಪ ಹುಡುಕಬೇಕಿತ್ತು. ಈಗ ಅವಳ ಹತ್ತಿರ ಹೇಳಲು ಸುದ್ದಿಯೇ ಇಲ್ಲ.

ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ವರದಿ ಕೊಟ್ಟಿತು. ಆ ಆಯೋಗದ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು ವಿವೇಕ್ ಮೂರ್ತಿ, ಮಂಡ್ಯದ ಹಲ್ಲೇಗೆರೆ ಮೂಲದವರು. ಬ್ರಿಟನ್ 2018ರಲ್ಲಿಯೇ ಒಂಟಿತನಕ್ಕೆಂದು ಸಚಿವರನ್ನು ನೇಮಿಸಿತ್ತು. ಆಗ ನಾನು ನಕ್ಕಿದ್ದೆ, ಅದು ಅವರ ದೇಶದ ಕಾಯಿಲೆ ಎಂದುಕೊಂಡು.

ನಮ್ಮ ಕಡೆ "ಬೇಸರವಾಗುತ್ತಿದೆ, ಬಂದು ಮಾತನಾಡು" ಎಂದು ಯಾರೂ ಕರೆಯುವುದಿಲ್ಲ. ನಾಚಿಕೆ. ಹೆಪ್ಪಿಗೆ ಮಜ್ಜಿಗೆ ಕೇಳುತ್ತಾರೆ, ಮೊರ ಕೇಳುತ್ತಾರೆ. ಮಾತಿಗೆ ಒಂದು ಕೆಲಸದ ನೆಪ ಬೇಕು. ನಾವು ಮಕ್ಕಳು ಊರಿಗೆ ಹೋದಾಗಲೆಲ್ಲ ಮಿಕ್ಸಿ, ಗ್ಯಾಸು, ಪ್ಯಾಕೆಟ್ ಹಾಲು ಎಂದು ಒಂದೊಂದೇ ನೆಪವನ್ನು ಕಿತ್ತುಕೊಂಡೆವು, ಅದೂ ಪ್ರೀತಿಯಿಂದಲೇ. ಹೊಗೆ ಒಲೆ ಮತ್ತೆ ಬರಲಿ ಎನ್ನುತ್ತಿಲ್ಲ. ಅದನ್ನು ಊದಿದವರು ನಾವಲ್ಲ.

ಈ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಸೊಗಡು ಅವರೆಯ ಕಾಲ. ಎರಡು ಸೇರು ಕಾಳನ್ನು ನೆನೆಹಾಕಿ, ರಾತ್ರಿ ಹಿತಕಲು ಕುಳಿತೆವು. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು. ನನ್ನದು ಗೋಡೆಗೆ ಬೀಳುತ್ತಿತ್ತು. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಲೋಟವನ್ನು ಬದಿಗಿಟ್ಟು ತಾನೂ ಕುಳಿತರು. ಆಮೇಲೆ ಅವರ ಸೊಸೆಯೂ ಬಂದಳು. ನಡುವೆ ಕಚೇರಿಯಿಂದ ಕರೆ ಬಂದಿತ್ತೇನೋ ಎಂದು ನೋಡಲು ಹೋದರೆ, ನೆನೆದು ಸುಕ್ಕಾದ ನನ್ನ ಬೆರಳನ್ನು ಫೋನ್ ಗುರುತಿಸಲೇ ಇಲ್ಲ. ಹನ್ನೊಂದಾದರೂ ಯಾರೂ ಏಳಲಿಲ್ಲ.

ಹೊರಡುವಾಗ ಪಕ್ಕದ ಮನೆಯಾಕೆ ಅಮ್ಮನಿಗೆ "ನಾಳೆ ಡೈರಿ ಹತ್ತಿರ ಲೋಟ ಕೊಡುತ್ತೇನೆ" ಎಂದರು. ಹಸುವೇ ಇಲ್ಲವಲ್ಲ, ಡೈರಿ ಯಾಕೆ ಎಂದು ಕೇಳಿದೆ. ಅಮ್ಮ ಸಿಪ್ಪೆ ಬಾಚುತ್ತ, ಪ್ಯಾಕೆಟ್ ಹಾಲು ಚೆನ್ನಾಗಿರುವುದಿಲ್ಲ ಎಂದಳು.

ಮರುದಿನ ಸಂಜೆ ಹಿಂದೆಯೇ ಹೋಗಿ ನೋಡಿದೆ. ಅರ್ಧ ಲೀಟರ್ ಹಾಲು ಕೊಂಡು ತರಲು ಅದೇ ಐದು ಲೀಟರಿನ ಕ್ಯಾನು ಹಿಡಿದು ಸಾಲಿನ ಮಧ್ಯದಲ್ಲಿ ನಿಂತಿದ್ದಳು. ಸರದಿ ಬಂದಾಗ ಹಿಂದಿನವರನ್ನು ಮುಂದೆ ಬಿಟ್ಟಳು.