ನಲಿ-ಕಲಿ ಮರೆತೇ ಹೋಯ್ತಾ?

ನಿಮ್ಮ ಲೇಖನದಲ್ಲಿ, ಮಕ್ಕಳು ಕೈಯಾರೆ ಮಾಡಿ ಕಲಿಯುವ ಪದ್ಧತಿ ನಮ್ಮ ಸರ್ಕಾರಿ ಶಾಲೆಗಳಿಗೆ ಇನ್ನು ಬರಬೇಕಷ್ಟೇ ಅನ್ನೋ ಹಾಗೆ ಬರೆದಿದ್ದೀರಿ. ಸ್ವಲ್ಪ ತಡೀರಿ ಸಾರ್. ಚಿಕ್ಕ ಮಕ್ಕಳು ಚಟುವಟಿಕೆಯ ಕಾರ್ಡು ಹಿಡಿದು ತಮ್ಮ ವೇಗದಲ್ಲೇ ಕಲಿಯುವ ನಲಿ-ಕಲಿ 1995ರಲ್ಲೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿತ್ತು. ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ನಮ್ಮ ಮೇಷ್ಟ್ರುಗಳೇ ಕಾರ್ಡು ತಯಾರಿಸಿದ್ದರು.

ನನ್ನ ಮಗಳು ಹಾಗೇ ಕಲಿತವಳು. ನೆಲದ ಮೇಲೆ ಗುಂಪಿನಲ್ಲಿ ಕೂತು, ತನ್ನ ಕಾರ್ಡು ತಾನೇ ಹುಡುಕಿ ತಂದು, ಹುಣಸೆ ಬೀಜ ಎಣಿಸಿ ಲೆಕ್ಕ ಮಾಡಿ, ಕಲಿಕಾ ಏಣಿಯಲ್ಲಿ (ಕಲಿಯಬೇಕಾದ ಹಂತಗಳನ್ನು ಮೆಟ್ಟಿಲಿನ ಹಾಗೆ ತೋರಿಸೋ ಪಟ್ಟಿ) ತಾನು ಎಷ್ಟು ಮೇಲೆ ಹತ್ತಿದೆ ಅಂತ ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದಳು. ಜ್ವರ ಬಂದು ವಾರ ರಜೆ ಹಾಕಿದರೂ ಚಿಂತೆ ಇರಲಿಲ್ಲ, ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತಿದ್ದಳು. ನಾಲ್ಕನೇ ಕ್ಲಾಸಿಗೆ ಹೋದದ್ದೇ ತಡ, ಬೋರ್ಡ್ ನೋಡಿ ಬರ್ಕೋ, ನೋಟ್ಸ್ ಬಾಯಿಪಾಠ ಮಾಡು! ಪ್ರಶ್ನೆ ಕೇಳೋದನ್ನೇ ಬಿಟ್ಟಳು.

ಟೀಚರನ್ನು ಸುಮ್ನೆ ಬೈಯೋದೂ ತಪ್ಪು. ಒಬ್ಬರೇ ಮೂರು ತರಗತಿ ನೋಡ್ಕೋಬೇಕು, ಜೊತೆಗೆ ಬಿಸಿಯೂಟದ ಲೆಕ್ಕ, ಗಣತಿ ಕೆಲಸ ಬೇರೆ. ಕಾರ್ಡು ಹರಿದರೆ ಹೊಸದು ಬರೋಕೆ ಎಷ್ಟು ತಿಂಗಳೋ. ಒಂದರಿಂದ ಮೂರರವರೆಗೆ ಇರೋದನ್ನು ನಾಲ್ಕಕ್ಕೆ ಯಾಕೆ ನಿಲ್ಲಿಸ್ತಾರೆ? ಮುಂದಿನ ಲೇಖನ ಅದರ ಬಗ್ಗೆ ಬರೀರಿ.