ಹಳೇ ಸ್ಕೈಸ್ಕೌಟ್ ಕೊಳ್ಳುವ ಮುನ್ನ ತಾರೀಖು ನೋಡಿ

ಸ್ಕೈಸ್ಕೌಟ್ ಅಂದರೆ ಆಕಾಶದತ್ತ ಹಿಡಿದರೆ ನಕ್ಷತ್ರ, ಗ್ರಹ ಯಾವುದು ಅಂತ ಹೇಳುವ ಕೈಸಾಧನ. ಅದೇ ಕೆಲಸಕ್ಕೆ ಫೋನ್ ಆ್ಯಪ್ ಇರುವಾಗ ಇದು ಯಾಕೆ ಅಂತ ಕೇಳಬಹುದು. ನನ್ನ ಪ್ರಕಾರ ಕಣ್ಣಿಗಾಗಿ. ಫೋನ್ ಪರದೆಯ ಬೆಳಕು ಕತ್ತಲಿಗೆ ಹೊಂದಿಕೊಂಡ ಕಣ್ಣನ್ನು ಕೆಡಿಸುತ್ತದೆ. ಇದರಲ್ಲಾದರೆ ಕಿಂಡಿಯೊಳಗಿಂದ ನೇರ ಆಕಾಶವನ್ನೇ ನೋಡುತ್ತೀರಿ, ಎತ್ತ ತಿರುಗಿಸಬೇಕು ಅಂತ ಕೆಂಪು ಬಾಣ ತೋರಿಸುತ್ತದೆ. ಏನೂ ದೊಡ್ಡದಾಗಿ ಕಾಣಲ್ಲ, ಇದು ಟೆಲಿಸ್ಕೋಪ್ ಅಲ್ವಲ್ಲ.

ಒಳಗಿನ ಕೆಲಸ ಫೋನ್, ಸ್ಕೈಸ್ಕೌಟ್ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ. ಜಾಗ, ಸಮಯ ಜಿಪಿಎಸ್‌ನಿಂದ. ಎಷ್ಟು ಮೇಲ್ಮುಖವಾಗಿ ಓರೆ ಹಿಡಿದಿದ್ದೀರಿ ಅಂತ ಹೇಳೋದು ಆಕ್ಸೆಲೆರೋಮೀಟರ್ ಎಂಬ ಸೆನ್ಸರ್. ದಿಕ್ಕಿಗೆ ಕಾಂತೀಯ ಸೆನ್ಸರ್. ತಕರಾರು ಇರೋದು ಈ ಕೊನೆಯದರಲ್ಲೇ. ಕಾರಿನ ಪಕ್ಕ, ಕಬ್ಬಿಣದ ಗೇಟಿನ ಪಕ್ಕ ನಿಂತರೆ ದಿಕ್ಕು ತಪ್ಪುತ್ತದೆ. ಅಷ್ಟೇಕೆ, ಒಳಗೆ ಹಾಕುವ ಸೆಲ್‌ನ ಉಕ್ಕಿನ ಕವಚವೇ ಸಾಕು!

ಹಳೆಯದನ್ನು ಕೊಳ್ಳುವವರು ಇನ್ನೊಂದು ಗಮನಿಸಿ. ಜಿಪಿಎಸ್ ತಾರೀಖನ್ನು ಹೇಳೋದು ವಾರಗಳನ್ನು ಎಣಿಸಿ, ಆ ಎಣಿಕೆ 1024ಕ್ಕೆ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗಾದಾಗ ಕೆಲವು ಹಳೇ ರಿಸೀವರ್‌ಗಳು 1999ರ ಆಗಸ್ಟ್‌ಗೆ ಜಿಗಿದವು. ಯಾವುದು ಎಲ್ಲಿದೆ ಅಂತ ಸಾಧನ ಲೆಕ್ಕ ಹಾಕೋದು ತಾರೀಖಿನಿಂದಲೇ. ವರ್ಷ ಒಂದೇ ತಪ್ಪಿದ್ದರೆ ಗ್ರಹಗಳು, ಚಂದ್ರ ಮಾತ್ರ ಎಡವಟ್ಟಾಗುತ್ತಿದ್ದವು. ತಿಂಗಳೂ ತಪ್ಪಿದರೆ ನಕ್ಷತ್ರಗಳೂ ಹೋದವು, ಏಪ್ರಿಲ್ ರಾತ್ರಿಯಲ್ಲಿ ಆಗಸ್ಟ್ ಆಕಾಶ! ದುಡ್ಡು ಕೊಡುವ ಮೊದಲು ಬಯಲಲ್ಲಿ ಆನ್ ಮಾಡಿ, ಸಿಗ್ನಲ್ ಸಿಕ್ಕ ಮೇಲೆ ತಾರೀಖು ಏನು ತೋರಿಸುತ್ತೆ ನೋಡಿ.